ಮೊದಲು ಮೇವು, ಆಮೇಲೆ ದನ: ಮೈನ್‌ಕ್ರಾಫ್ಟ್‌ನಲ್ಲಿ ಪ್ರಾಣಿ ಸಾಕೋದು ಹೇಗೆ?

ಸೂಟಿ ಶುರುವಾದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಮೊಬೈಲ್ ಮಕ್ಕಳ ಪಾಲು. ಮೈನ್‌ಕ್ರಾಫ್ಟ್ ಆಡುವ ಹುಡುಗರದು ಒಂದೇ ಚಾಳಿ. ಹಸು ಕಂಡರೆ ಹೊಡಿ, ಮಾಂಸ ತಗೋ, ಮುಂದೆ ನಡಿ. ಸ್ವಲ್ಪ ಹೊತ್ತಿಗೆ ಸುತ್ತಲಿನ ಬಯಲು ಖಾಲಿ. ಅದು ಮತ್ತೆ ತುಂಬಲು ಬಹಳ ಕಾಲ ಬೇಕು. ಅದರ ಬದಲು ಒಂದು ಜೋಡಿ ಹಿಡಿದು ಸಾಕಿದರೆ ಊಟದ ಚಿಂತೆಯೇ ಇರುವುದಿಲ್ಲ.

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಆಟದಲ್ಲಿ ಹಸು, ಕುರಿ, ಹಂದಿ, ಕೋಳಿಗೆ ಹಸಿವು ಅನ್ನೋದೇ ಇಲ್ಲ. ವರ್ಷಗಟ್ಟಲೆ ಏನೂ ಹಾಕದಿದ್ದರೂ ಸಾಯುವುದಿಲ್ಲ. ಕುಂದಗೋಳದ ಕಡೆಯ ಹಿರಿಯರೊಬ್ಬರು ಮೊಮ್ಮಗನ ಮೊಬೈಲ್ ನೋಡಿ, “ಅದಕ್ಕ ದಿನಾ ಮೇವು ಯಾರ ಹಾಕ್ತಾರ?” ಅಂತ ಕೇಳಿದ್ದರು. ಯಾರೂ ಹಾಕಬೇಕಿಲ್ಲ. ಇಲ್ಲಿ ಮೇವು ಹಾಕುವುದು ಮರಿ ಮಾಡಿಸಲಿಕ್ಕೆ.

ಹೊಲ ಮೊದಲು

ಹಸು ಹುಡುಕಿಕೊಂಡು ಹೋಗುವ ಮುಂಚೆ ಗೋಧಿ ಬಿತ್ತಿ. ಕಾಡುಹುಲ್ಲು ಒಡೆದರೆ ಆಗಾಗ ಬೀಜ ಸಿಗುತ್ತದೆ. ನೆಲದಲ್ಲಿ ಒಂದು ಬ್ಲಾಕ್ (ಆಟದ ಜಗತ್ತು ಕಟ್ಟಿರುವ ಚೌಕ ತುಂಡು) ಗುಂಡಿ ತೋಡಿ ನೀರು ಸುರಿಯಿರಿ. ಆ ನೀರು ನಾಲ್ಕೂ ಕಡೆ 4 ಬ್ಲಾಕ್‌ವರೆಗೆ ಮಣ್ಣನ್ನು ಹಸಿ ಇಡುತ್ತದೆ. ಅಂದರೆ 9ಕ್ಕೆ 9 ಬ್ಲಾಕ್‌ನ ಹೊಲ, ನಡುವೆ ನೀರು, ಸುತ್ತ 80 ಗಿಡ. ಅಕ್ಕಪಕ್ಕ ಟಾರ್ಚ್ ನೆಡಿ, ರಾತ್ರಿಯೂ ಬೆಳೆ ಬೆಳೆಯುತ್ತದೆ. ಹೊಲದ ಮೇಲೆ ಜಿಗಿಯಬೇಡಿ, ಉತ್ತ ಮಣ್ಣು ಮತ್ತೆ ಗಟ್ಟಿ ನೆಲವಾಗುತ್ತದೆ.

ಗೋಧಿ 8 ಹಂತದಲ್ಲಿ ಬೆಳೆಯುತ್ತದೆ. ಹಸಿರಿದ್ದಾಗ ಕಿತ್ತರೆ ಬರೀ ಬೀಜ ಕೈಗೆ ಬರುತ್ತದೆ. ತೆನೆ ಕಂದು ಹಳದಿಗೆ ತಿರುಗುವ ತನಕ ತಡೆಯಿರಿ. ಅವಸರ ಇದ್ದರೆ ಮೂಳೆಪುಡಿ ಹಾಕಿ. ಅಸ್ಥಿಪಂಜರಗಳನ್ನು ಕೊಂದರೆ ಸಿಗುವ ಒಂದು ಮೂಳೆಗೆ 3 ಪಾಲು ಪುಡಿ ಬರುತ್ತದೆ.

ಬಹಳ ಜನ ಬಂದ ಗೋಧಿಯನ್ನೆಲ್ಲ ಬ್ರೆಡ್ ಮಾಡಿ ತಿಂದುಬಿಡುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಬ್ರೆಡ್‌ಗೆ 3 ಗೋಧಿ ಬೇಕು. ಒಂದು ಕರುವಿಗೆ 2 ಗೋಧಿ ಸಾಕು, ಅಪ್ಪನಿಗೊಂದು ಅವ್ವನಿಗೊಂದು. ಆ ಕರು ಬೆಳೆದರೆ 1ರಿಂದ 3 ತುಂಡು ಮಾಂಸ. ಬೇಯಿಸಿದ ಒಂದು ತುಂಡು ನಿಮ್ಮ ಹಸಿವಿನ ಪಟ್ಟಿಯಲ್ಲಿ ನಾಲ್ಕು ಗುರುತು ತುಂಬುತ್ತದೆ, ಬ್ರೆಡ್ ಎರಡೂವರೆ ಮಾತ್ರ. ಬ್ರೆಡ್ ತಿನ್ನುವುದು ನಷ್ಟದ ವ್ಯಾಪಾರ ಅಲ್ವಾ?

ಬೇಲಿ, ಆಮೇಲೆ ಜೋಡಿ

ಬೇಲಿ ಒಂದೇ ಸಾಲು ಸಾಕು. ನೋಡಲು ಒಂದು ಬ್ಲಾಕ್ ಎತ್ತರ ಇದ್ದರೂ ಆಟ ಅದನ್ನು ಒಂದೂವರೆ ಅಂತ ಲೆಕ್ಕ ಹಿಡಿಯುತ್ತದೆ, ಹಸು ದಾಟುವುದಿಲ್ಲ. ಗೇಟ್ ಮಾತ್ರ ಎರಡು ಇಡಿ, ಒಂದರ ಹಿಂದೆ ಒಂದು. ಒಂದೇ ಗೇಟ್ ಇದ್ದರೆ ನೀವು ಒಳಗೆ ಹೋಗುವಷ್ಟರಲ್ಲಿ ಎರಡು ಹೊರಗೆ.

ಈಗ ಗೋಧಿ ಕೈಯಲ್ಲಿ ಹಿಡಿದು ಹಸುವಿನ ಹತ್ತಿರ ಹೋಗಿ. ಅದು ತಲೆ ಎತ್ತಿ ನೋಡುತ್ತದೆ, ನಡೆದರೆ ಹಿಂದೆ ಬರುತ್ತದೆ. ಓಡಬೇಡಿ. ತೀರಾ ದೂರ ಹೋದರೆ ಅಲ್ಲೇ ನಿಂತುಬಿಡುತ್ತದೆ. ಎರಡನ್ನೂ ಒಳಗೆ ತಂದು ಒಂದೊಂದು ಗೋಧಿ ಕೊಡಿ. ತಲೆ ಮೇಲೆ ಕೆಂಪು ಹೃದಯಗಳು ಏಳುತ್ತವೆ, ಎರಡೂ ಹತ್ತಿರ ಬರುತ್ತವೆ, ಕರು ಹುಟ್ಟುತ್ತದೆ. ಅದೇ ಜೋಡಿಗೆ ಮತ್ತೆ ಮೇವು ಕೊಡಲು ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ 5 ನಿಮಿಷ ಕಾಯಬೇಕು. ಮೊಬೈಲಿನ ಬೆಡ್‌ರಾಕ್‌ನಲ್ಲಿ ಅಷ್ಟು ಕಾಯಬೇಕಿಲ್ಲ. ಕರು ದೊಡ್ಡದಾಗಲು 20 ನಿಮಿಷ, ಆಟದ ಪೂರ್ತಿ ಒಂದು ಹಗಲು-ರಾತ್ರಿ. ಕರುವಿಗೂ ಗೋಧಿ ತಿನ್ನಿಸಬಹುದು. ಪ್ರತಿ ಸಲ ಉಳಿದ ಸಮಯದಲ್ಲಿ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಗೋಧಿ ಜಾಸ್ತಿ ಇದ್ದರೆ ಮಾತ್ರ ಹಾಗೆ ಮಾಡಿ.

ಹಾಲಿಗೆ ಬಕೆಟ್ ಇದ್ದರಾಯಿತು, ಬೇಕಾದಷ್ಟು ಸಲ ಹಿಂಡಬಹುದು. ಕರು ಹಾಕಿರಬೇಕು ಅಂತಲೂ ಇಲ್ಲ, ಒದೆಯುವುದೂ ಇಲ್ಲ. ಎಮ್ಮೆ ಮಾತ್ರ ಆಟದಲ್ಲಿ ಇಲ್ಲವೇ ಇಲ್ಲ. ಪೇಢೆಗೆ ಹಾಲು ಕೊಡುವ ಧಾರವಾಡಿ ಎಮ್ಮೆಯ ಊರಿನವರಿಗೆ ಇದೊಂದು ಕೊರತೆ. ಇರೋ ಹಾಲಲ್ಲಿ ಕೇಕ್ ಮಾಡಿಕೊಳ್ಳಿ. 3 ಬಕೆಟ್ ಹಾಲು, 2 ಸಕ್ಕರೆ, 3 ಗೋಧಿ, ಒಂದು ಮೊಟ್ಟೆ.

ಕುರಿ, ಹಂದಿ, ಕೋಳಿ

ಕುರಿಗೂ ಗೋಧಿಯೇ. ಆದರೆ ಕುರಿ ಹಟ್ಟಿಯ ನೆಲದಲ್ಲಿ ಹುಲ್ಲು ಇರಲೇಬೇಕು. ಕತ್ತರಿಸಿದ ಉಣ್ಣೆ ಮತ್ತೆ ಬೆಳೆಯುವುದು ಕುರಿ ಹುಲ್ಲು ಮೇಯ್ದಾಗ ಮಾತ್ರ. ಮೇಯ್ದ ಜಾಗ ಬರೀ ಮಣ್ಣಾಗುತ್ತದೆ, ಪಕ್ಕದ ಹುಲ್ಲು ಹಬ್ಬಿ ಮತ್ತೆ ಚಿಗುರುತ್ತದೆ. ಹಟ್ಟಿ ಇಕ್ಕಟ್ಟಾದರೆ ಕುರಿಗಳು ಬೋಳಾಗಿಯೇ ನಿಲ್ಲುತ್ತವೆ. ಕೊಂದರೆ ಒಂದೇ ಉಣ್ಣೆ, ಕತ್ತರಿ ಹಿಡಿದರೆ 1ರಿಂದ 3. ಉಣ್ಣೆಗೆ ಬಣ್ಣ ಹಾಕಬೇಡಿ, ಕುರಿಗೇ ಹಾಕಿ. ಒಂದೇ ಸಲದ ಬಣ್ಣ, ಆಮೇಲೆ ಕತ್ತರಿಸಿದಷ್ಟೂ ಅದೇ ಬಣ್ಣದ ಉಣ್ಣೆ. ಕೆಂಪು ಕುರಿಗೂ ಹಳದಿ ಕುರಿಗೂ ಹುಟ್ಟುವ ಮರಿ ಕಿತ್ತಳೆ. ಮೇಡ್ಲೇರಿಯ ಕಂಬಳಿ ನೇಯುವವರು ಕೇಳಿದರೆ ನಕ್ಕಾರು.

ಹಂದಿಗೆ ಗಜ್ಜರಿ, ಆಲೂಗಡ್ಡೆ, ಬೀಟ್‌ರೂಟ್. ಗೋಧಿ ಮುಟ್ಟುವುದಿಲ್ಲ.

ಕೋಳಿಗೆ ಬೀಜ ಹಾಕಿ. ಗೋಧಿ ಕೊಯ್ದಾಗ ಉಳಿಯುವ ಬೀಜ ಇಲ್ಲಿ ಕೆಲಸಕ್ಕೆ ಬರುತ್ತದೆ. 5ರಿಂದ 10 ನಿಮಿಷಕ್ಕೊಮ್ಮೆ ಮೊಟ್ಟೆ ಇಡುತ್ತದೆ. ಮೊಟ್ಟೆ ಎಸೆದರೆ ಎಂಟರಲ್ಲಿ ಒಂದು ಒಡೆದು ಮರಿ ಬರಬಹುದು. ನರಿ ಓಡಾಡುವ ಕಾಡಿನ ಪಕ್ಕ ಇದ್ದರೆ ಕೋಳಿಗೂಡಿಗೆ ಮೇಲ್ಛಾವಣಿ ಬೇಕು, ನರಿ ಬೇಲಿ ಹಾರುತ್ತದೆ. ಕುರಿಗೆ ತೋಳದ ಭಯ.

ಹಿಂಡು ಎಷ್ಟಿರಬೇಕು?

ಖುಷಿಗೆ ಸುಮ್ನೆ ಬೆಳೆಸುತ್ತ ಹೋದರೆ ಆಟ ನಿಧಾನವಾಗುತ್ತದೆ. ಜಾವಾ ಆವೃತ್ತಿಯಲ್ಲಿ ಒಂದೇ ಜಾಗದಲ್ಲಿ 24ಕ್ಕಿಂತ ಜಾಸ್ತಿ ಒತ್ತಿಕೊಂಡರೆ ಪ್ರಾಣಿಗಳು ಉಸಿರುಕಟ್ಟಿ ಸಾಯುತ್ತವೆ. ಹಾಗಾಗಿ ಗುರಿ ಇಟ್ಟುಕೊಳ್ಳಿ. ಆಯುಧ, ಉಪಕರಣಗಳಿಗೆ ವಿಶೇಷ ಶಕ್ತಿ ತುಂಬುವ ಮಾಟದ ಮೇಜಿನ (ಎನ್‌ಚಾಂಟಿಂಗ್ ಟೇಬಲ್) ಪೂರ್ಣ ಶಕ್ತಿಗೆ 15 ಪುಸ್ತಕದ ಕಪಾಟು ಬೇಕು. ಒಂದು ಕಪಾಟಿಗೆ 3 ಪುಸ್ತಕ, ಒಂದು ಪುಸ್ತಕಕ್ಕೆ ಒಂದು ಚರ್ಮ. ಮೇಜಿಗೆ ಬೇಕಾದ ಪುಸ್ತಕವೂ ಸೇರಿ 46 ಚರ್ಮ. ಒಂದು ಹಸುವಿನಿಂದ ಸಿಗುವುದು ಹೆಚ್ಚೆಂದರೆ 2, ಕೆಲವು ಸಲ ಒಂದೂ ಇಲ್ಲ. ಅಷ್ಟು ಚರ್ಮ ಕೂಡುವ ತನಕ ಪ್ರತಿ ಸುತ್ತಿನಲ್ಲೂ ಕನಿಷ್ಠ ಎರಡು ದೊಡ್ಡ ಹಸು ಮತ್ತು ಮುಂದಿನ ಬಿತ್ತನೆಯ ಬೀಜ ಉಳಿಸಿಕೊಳ್ಳಿ.