ನಿಮ್ಮ ಎಂಪಿ ವಿರೋಧ ಪಕ್ಷದವರಾ? ಇರಲಿ, ಆದ್ರೂ ಬರೆಯಿರಿ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬ್ರಿಟನ್‌ಗೆ ಬಂದ ನಮ್ಮವರಲ್ಲಿ ಒಂದು ನಂಬಿಕೆ ಗಟ್ಟಿಯಾಗಿದೆ. ಕೆಲಸ ಆಗಬೇಕಂದ್ರೆ ಆಳುವ ಪಕ್ಷದವರನ್ನೇ ಹಿಡೀಬೇಕು, ವಿರೋಧ ಪಕ್ಷದವರ ಹತ್ತಿರ ಹೋದರೆ ಚಹಾ ಕುಡಿದು ವಾಪಸ್ ಬರೋದಷ್ಟೇ. ಊರಲ್ಲಿ ಕಂಡದ್ದೂ ಅದನ್ನೇ ಅಲ್ವಾ? ಸಿಂಧನೂರಿನ ನಮ್ಮ ಕಾಕಾ ಫೋನಿನಲ್ಲಿ ಕೇಳಿದ್ದೂ ಇದನ್ನೇ: "ನಿಮ್ಮ ಎಂಪಿ ವಿರೋಧ ಪಕ್ಷದಾತ ಅಂತೀಯಲ್ಲೋ, ಆತ ಮಾತಾಡಿದ್ರ ಯಾರು ಕೇಳ್ತಾರ?"

ಕೇಳ್ತಾರೆ. ಯಾಕಂದ್ರೆ ಇಲ್ಲಿನ ಎಂಪಿ ಕೈಯಲ್ಲಿ ಅನುದಾನ ಅನ್ನೋದೇ ಇಲ್ಲ. ನಮ್ಮ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿಯ ಕ್ಷೇತ್ರಾಭಿವೃದ್ಧಿ ನಿಧಿ ಇದ್ದ ಹಾಗೆ ಇಲ್ಲಿ ಆಳುವ ಪಕ್ಷದ ಎಂಪಿಗೂ ಇಲ್ಲ. ರಸ್ತೆ, ಚರಂಡಿ ಎಲ್ಲ ಕೌನ್ಸಿಲ್ ನೋಡಿಕೊಳ್ಳುತ್ತದೆ. ಎಂಪಿಗೆ ಇರುವ ಬಂಡವಾಳ ಸದನದಲ್ಲಿ ಆಡುವ ಮಾತು ಮತ್ತು ಮಂತ್ರಿಗೆ ಬರೆಯುವ ಕಾಗದ. ಆ ಎರಡೂ ವಿರೋಧ ಪಕ್ಷದವರಿಗೂ ಇವೆ. ಸದನದ ಮಾತಂತೂ ಅವರಿಗೇ ಜಾಸ್ತಿ ಬೇಕು. ಆಳುವ ಪಕ್ಷದವರು ತಮ್ಮ ಮಂತ್ರಿಯನ್ನು ಮೂಲೆಯಲ್ಲೇ ಹಿಡಿದು ಮಾತಾಡಿಬಿಡಬಹುದು, ಇವರು ಎಲ್ಲರೆದುರು ಕೇಳಬೇಕು.

650 ಸದಸ್ಯರ ಹೌಸ್ ಆಫ್ ಕಾಮನ್ಸ್‌ನಲ್ಲಿ ಹೆಚ್ಚು ಜನ ನೋಡೋದು ಬುಧವಾರದ ಪ್ರಧಾನಿ ಪ್ರಶ್ನೋತ್ತರ. ಮಧ್ಯಾಹ್ನ 12ಕ್ಕೆ ಶುರು, ಅರ್ಧ ಗಂಟೆಯ ಆಟ. ಚಳಿಗಾಲದಲ್ಲಿ ರಾಯಚೂರಿನಲ್ಲಿ ಆಗ ಸಂಜೆ 5.30, ಬೇಸಿಗೆಯಲ್ಲಿ 4.30. ಯೂಟ್ಯೂಬ್‌ನಲ್ಲಿ ನೇರ ಬರುತ್ತದೆ, ಮನೆಯವರೂ ನೋಡಬಹುದು. ವಿರೋಧ ಪಕ್ಷದ ನಾಯಕರಿಗೆ ಆರು ಪ್ರಶ್ನೆ. ಅಂದಹಾಗೆ, ಆ ಹುದ್ದೆಗೆ ಸರ್ಕಾರದ ಬೊಕ್ಕಸದಿಂದಲೇ ಸಂಬಳ, 1937ರಿಂದಲೂ. ಕೂಗಾಟ ಇರುತ್ತದೆ, ಆದರೆ ಬಾವಿಗಿಳಿದು ಧರಣಿ ಕೂರೋದು, ಹಾಳೆ ಹರಿದು ತೂರೋದು ಇಲ್ಲಿನ ರೂಢಿಯಲ್ಲ. ಒಬ್ಬರು ಇನ್ನೊಬ್ಬರಿಗೆ ಸುಳ್ಳುಗಾರ ಅನ್ನೋ ಹಾಗೂ ಇಲ್ಲ. 2021ರ ಜುಲೈನಲ್ಲಿ ಲೇಬರ್ ಪಕ್ಷದ ಡಾನ್ ಬಟ್ಲರ್ ಪ್ರಧಾನಿ ಸುಳ್ಳು ಹೇಳಿದ್ದಾರೆ ಅಂದರು, ಮಾತು ವಾಪಸ್ ತಗೊಳ್ಳಲಿಲ್ಲ. ಅವತ್ತಿಗೆ ಅವರನ್ನು ಸದನದಿಂದ ಹೊರಗೆ ಕಳಿಸಿದರು.

ಆ ಅರ್ಧ ಗಂಟೆ ನೋಡಿ ಎಂಪಿಯನ್ನು ಅಳೆಯಬೇಡಿ ಅನ್ನೋದು ನನ್ನ ಮಾತು. ಆದರೂ ಒಂದು ಪ್ರಶ್ನೆ ನಮಗೆ ಹತ್ತಿರದ್ದು. 2020ರ ಡಿಸೆಂಬರ್ 9, ದಿಲ್ಲಿ ಗಡಿಯಲ್ಲಿ ರೈತರು ಕೂತಿದ್ದ ಹೊತ್ತು. ನಮ್ಮ ದೇಶದವರು ತುಂಬಾ ಇರುವ ಸ್ಲೌ ಕ್ಷೇತ್ರದ ತನ್‌ಮನ್‌ಜೀತ್ ಸಿಂಗ್ ಢೇಸಿ ಎದ್ದು ನಿಂತರು. ಅವರದು ಲೇಬರ್, ಆಗ ವಿರೋಧ ಪಕ್ಷ. ರೈತರ ಬಗ್ಗೆ ಇಲ್ಲಿನವರಿಗಿರುವ ಕಳವಳವನ್ನು ಭಾರತದ ಪ್ರಧಾನಿಗೆ ತಿಳಿಸ್ತೀರಾ ಅಂತ ಕೇಳಿದರು. ಇಲ್ಲಿನ ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಕೊಟ್ಟ ಉತ್ತರ ಭಾರತ-ಪಾಕಿಸ್ತಾನದ ನಡುವಿನ ವಿಷಯದ ಮೇಲೆ! ಕೇಳಿದ್ದೇ ಒಂದು, ಹೇಳಿದ್ದೇ ಒಂದು. ಜಾನ್ಸನ್‌ಗೆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ ಅಂತ ಆಮೇಲೆ ಸಮಜಾಯಿಷಿ ಬಂತು. ಆ ತುಣುಕು ಎಲ್ಲ ಕಡೆ ಓಡಾಡಿತು.

ವಿಷಯ ಅಲ್ಲಿಗೇ ನಿಲ್ಲಲಿಲ್ಲ. ಇದೇ ವಿಚಾರದ ಆನ್‌ಲೈನ್ ಅರ್ಜಿಗೆ 1 ಲಕ್ಷಕ್ಕೂ ಹೆಚ್ಚು ಸಹಿ ಬಿತ್ತು. 2021ರ ಮಾರ್ಚ್ 8ರಂದು ಚರ್ಚೆ ನಡೆಯಿತು, ಅದನ್ನು ಶುರು ಮಾಡಿದವರು ಸ್ಕಾಟಿಷ್ ನ್ಯಾಷನಲ್ ಪಾರ್ಟಿಯ ಮಾರ್ಟಿನ್ ಡೇ. ಅವರೂ ವಿರೋಧ ಪಕ್ಷದವರೇ. ಕೃಷಿ ಕಾಯ್ದೆ ಭಾರತದ ಒಳಗಿನ ವಿಷಯ ಅಂತ ಮಂತ್ರಿ ನೈಜೆಲ್ ಆಡಮ್ಸ್ ಹೇಳಬೇಕಾಯಿತು. ಭಾರತದ ಹೈಕಮಿಷನ್ ಇದು ಒಂದು ಕಡೆಯ ಚರ್ಚೆ ಅಂತ ಸಿಟ್ಟಾಯಿತು. ಆ ಕಾಯ್ದೆಗಳ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ದಾರಿ ಗಮನಿಸಿ. ಮತಕ್ಕೆ ಹಾಕಿದ್ದು ಏನೂ ಇಲ್ಲ, ಗೆದ್ದವರೂ ಇಲ್ಲ. ಆದರೂ ಸರ್ಕಾರದ ನಿಲುವು ದಾಖಲೆಗೆ ಬಂತು, ಎರಡು ದೇಶ ಮಾತಾಡುವಂತಾಯಿತು.

ಮತಕ್ಕೆ ಹಾಕಿ ಗೆದ್ದದ್ದೂ ಇದೆ. ಒಂದು ಅಧಿವೇಶನದಲ್ಲಿ (ಇಲ್ಲಿ ಅದು ಸಾಮಾನ್ಯವಾಗಿ ಸುಮಾರು ಒಂದು ವರ್ಷದ್ದು) 20 ದಿನ ಏನು ಚರ್ಚೆ ಆಗಬೇಕು ಅಂತ ವಿರೋಧ ಪಕ್ಷಗಳೇ ತೀರ್ಮಾನ ಮಾಡ್ತವೆ. ದೊಡ್ಡ ವಿರೋಧ ಪಕ್ಷಕ್ಕೆ 17, ಅದರ ನಂತರದ್ದಕ್ಕೆ 3. ನಮ್ಮ ವಿಧಾನಸೌಧದಲ್ಲೂ ಇಂಥದ್ದೊಂದು ಇದ್ದಿದ್ದರೆ ಅಂತ ನನಗೆ ಅನಿಸುತ್ತಿರುತ್ತದೆ. 2009ರ ಏಪ್ರಿಲ್ 29ರಂದು ಲಿಬರಲ್ ಡೆಮಾಕ್ರಾಟ್ ಪಕ್ಷ ಇಂಥ ದಿನವನ್ನು ಗೂರ್ಖಾ ಸೈನಿಕರಿಗೆ ಬಳಸಿತು. ಬ್ರಿಟಿಷ್ ಸೇನೆಯಲ್ಲಿ ದುಡಿದು 1997ಕ್ಕಿಂತ ಮೊದಲು ನಿವೃತ್ತರಾದ ನೇಪಾಳದ ಗೂರ್ಖಾಗಳಲ್ಲಿ ಬಹಳಷ್ಟು ಮಂದಿಗೆ ಇಲ್ಲಿ ನೆಲೆಸಲು ಬಿಟ್ಟಿರಲಿಲ್ಲ. ಒಳಗಿನ ವಲಸೆ ನೀತಿಯೂ ಹೌದು, ಹೊರದೇಶದ ಸಂಬಂಧವೂ ಹೌದು. ಆ ಪಕ್ಷದ ನಾಯಕ ನಿಕ್ ಕ್ಲೆಗ್ ತಂದ ಗೊತ್ತುವಳಿ 267–246ರಲ್ಲಿ ಗೆದ್ದಿತು. ಬಹುಮತ ಇದ್ದ ಲೇಬರ್ ಸರ್ಕಾರ ಸೋತಿತು. ಆ ಗೊತ್ತುವಳಿಗೆ ಕಾನೂನಿನ ಬಲ ಇರಲಿಲ್ಲ, ಸರ್ಕಾರ ಸುಮ್ನೆ ಕೂರಬಹುದಿತ್ತು. ಆದರೆ ನಟಿ ಜೊಆನಾ ಲಮ್ಲಿಯಂಥವರು ಹೊರಗೆ ಹೋರಾಟ ಕಟ್ಟಿದ್ದರು. ಮೇ 21ಕ್ಕೆ ನಿಯಮ ಬದಲಾಯಿತು: ನಾಲ್ಕು ವರ್ಷ ಸೇವೆ ಮಾಡಿದ ಗೂರ್ಖಾಗಳೆಲ್ಲ ಇಲ್ಲಿ ನೆಲೆಸಬಹುದು.

ಸರ್ಕಾರಕ್ಕೆ ಬಹುಮತ ಇದ್ದೂ ಸೋತದ್ದು ಹೇಗೆ? ಅದರದೇ ಪಕ್ಷದ ಕೆಲವರು ವಿರೋಧ ಪಕ್ಷದ ಜೊತೆ ನಿಂತರು. ನಮ್ಮಲ್ಲಿ ವಿಪ್ ಮೀರಿದರೆ ಪಕ್ಷಾಂತರ ಕಾಯ್ದೆಯಲ್ಲಿ ಸೀಟೇ ಹೋಗಬಹುದು. ಇಲ್ಲಿ ಪಕ್ಷ ಸಿಟ್ಟಾಗುತ್ತದೆ, ಹೊರಗೂ ಹಾಕಬಹುದು, ಸೀಟು ಮಾತ್ರ ಉಳಿಯುತ್ತದೆ. ಅದಕ್ಕೇ ವಿರೋಧ ಪಕ್ಷದ ಎಂಪಿ ಭಾಷಣ ಮಾಡುವಾಗ ಕಣ್ಣು ಎದುರಿನ ಮಂತ್ರಿ ಮೇಲಷ್ಟೇ ಇರೋದಿಲ್ಲ, ಮಂತ್ರಿಯ ಬೆನ್ನ ಹಿಂದೆ ಕೂತವರ ಮೇಲೂ ಇರುತ್ತದೆ. 2013ರ ಆಗಸ್ಟ್ 29ರಂದು ಸಿರಿಯಾ ಮೇಲಿನ ದಾಳಿಯ ವಿಷಯದಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ 285–272ರಲ್ಲಿ ಸೋತದ್ದೂ ಹೀಗೇ. ಬ್ರಿಟನ್ ಆ ದಾಳಿಗೆ ಇಳಿಯಲಿಲ್ಲ.

ಒಂದು ಎಚ್ಚರಿಕೆ. ವಿರೋಧ ಪಕ್ಷ ಅಂದ ಮಾತ್ರಕ್ಕೆ ನಿಮ್ಮ ಪರ ಅಂತ ತಿಳೀಬೇಡಿ. 2003ರಲ್ಲಿ ಇರಾಕ್ ಯುದ್ಧಕ್ಕೆ ಮುಖ್ಯ ವಿರೋಧ ಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷ ಲೇಬರ್ ಸರ್ಕಾರದ ಜೊತೆಗೇ ನಿಂತಿತು. ಕಾಯಂ ವಾಸದ ಅನುಮತಿಗೆ 5 ವರ್ಷದ ಬದಲು 10 ವರ್ಷ ಮಾಡಬೇಕು ಅಂತ 2025ರ ಮೇ ತಿಂಗಳಲ್ಲಿ ಲೇಬರ್ ಸರ್ಕಾರ ಪ್ರಸ್ತಾಪ ತಂದಿತು. ಅದಕ್ಕೆ ಮೊದಲೇ, ಫೆಬ್ರವರಿಯಲ್ಲಿ, ವಿರೋಧ ಪಕ್ಷದ ನಾಯಕಿ ಕೆಮಿ ಬೇಡನಾಕ್ ಕೂಡ 10 ವರ್ಷ ಅಂದಿದ್ದರು. ಹಾಗಾಗಿ ಪಕ್ಷದ ಹಣೆಪಟ್ಟಿ ಬಿಡಿ, ನಿಮ್ಮ ಎಂಪಿ ಏನು ಮಾತಾಡಿದ್ದಾರೆ ನೋಡಿ. ಸದನದಲ್ಲಿ ಆಡಿದ ಮಾತೆಲ್ಲ ಹ್ಯಾನ್ಸಾರ್ಡ್ ಅನ್ನೋ ದಾಖಲೆಯಲ್ಲಿ ಸಿಗುತ್ತದೆ. ದೇ ವರ್ಕ್ ಫಾರ್ ಯು (TheyWorkForYou) ಅನ್ನೋ ಜಾಲತಾಣದಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಭಾಷಣ, ಮತ ಎಲ್ಲ ಒಂದೇ ಕಡೆ ಬರುತ್ತವೆ.

ಅಲ್ಲಿ ಲಿಖಿತ ಪ್ರಶ್ನೆಗಳನ್ನು ಮೊದಲು ಓದಿ. ಟಿವಿಯಲ್ಲಿ ಬರದ ಕೆಲಸ ಅದು. ಇಂಥ ದಿನವೇ ಉತ್ತರ ಬೇಕು ಅಂತ ದಿನಕ್ಕೆ ಐದು ಪ್ರಶ್ನೆ ಹಾಕಬಹುದು. ಉತ್ತರದ ಭಾಷೆ ಸ್ವಲ್ಪ ಅಭ್ಯಾಸ ಆಗಬೇಕು. "ಸತತ ಪರಿಶೀಲನೆಯಲ್ಲಿದೆ" ಅಂದ್ರೆ ಸದ್ಯಕ್ಕೆ ಏನೂ ಮಾಡೋದಿಲ್ಲ. "ಸಕಾಲದಲ್ಲಿ ತಿಳಿಸುತ್ತೇವೆ" ಅಂದ್ರೆ ಒಳಗೆ ಇನ್ನೂ ಜಗಳ ಮುಗಿದಿಲ್ಲ. ಏಮ್ಸ್‌ಗಾಗಿ 2022ರಿಂದ ಧರಣಿ ಕೂತು ದಿಲ್ಲಿಯ ಉತ್ತರಗಳನ್ನು ಓದಿದ ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಎಂಪಿ ಅದೇ ಪ್ರಶ್ನೆಯನ್ನು ಮುಂದಿನ ತಿಂಗಳು ಮತ್ತೆ ಹಾಕುತ್ತಾರೆ, ಈ ಸಲ ಅಂಕಿಸಂಖ್ಯೆ ಕೇಳಿ.

ಇನ್ನು ನಿಮ್ಮ ಕೆಲಸ. ಮತ ಹಾಕಿದ್ದೀರೋ ಇಲ್ಲವೋ, ನೀವು ವಾಸ ಇರುವ ಕ್ಷೇತ್ರದ ಎಂಪಿಗೇ ಬರೆಯಿರಿ, ಬೇರೆಯವರು ಮುಟ್ಟೋದಿಲ್ಲ. ಪಕ್ಷ ಹೊಗಳೋದು ಬೇಡ, ಗೌರವಾನ್ವಿತ ಅಂತ ನಾಲ್ಕು ಸಾಲು ಪೀಠಿಕೆಯೂ ಬೇಡ. ಇಷ್ಟು ಸಾಕು: "ನಾನು ನಿಮ್ಮ ಕ್ಷೇತ್ರದಲ್ಲಿದ್ದೇನೆ, ವಿಳಾಸ ಇದು. ಹೆಂಡತಿ ಕೊಪ್ಪಳದಲ್ಲಿದ್ದಾಳೆ. ವೀಸಾ ಅರ್ಜಿ ಇಂಥ ದಿನ ಹಾಕಿದ್ದೇವೆ, ಅರ್ಜಿ ನಂಬರ್ ಇದು. ಇಲಾಖೆ ತಾನೇ ಹೇಳಿದ ಗಡುವು ಇಂಥ ದಿನ ಮುಗಿದಿದೆ. ತಡ ಯಾಕೆ ಅಂತ ವಿಚಾರಿಸಿ." ಜೊತೆಗೆ ಹೆಂಡತಿಯ ಒಪ್ಪಿಗೆ ಪತ್ರ ಇಡಿ. ಎಂಪಿ ಕಚೇರಿಯ ಕೇಸ್‌ವರ್ಕರ್ ಇಲಾಖೆಗೆ ಬರೀತಾರೆ. ಕೊಡು ಅಂತ ಎಂಪಿ ಅಪ್ಪಣೆ ಮಾಡೋಕೆ ಆಗಲ್ಲ, ಆದರೆ ಫೈಲು ಯಾರ ಮೇಜಿನ ಮೇಲಿದೆ ಅಂತ ಗೊತ್ತಾಗುತ್ತದೆ. ಇಂಥ ಹತ್ತಾರು ಕಾಗದ ಒಂದೇ ಥರ ಬಂದರೆ, ಎಂಪಿಗೆ ಸದನದಲ್ಲಿ ಕೇಳಲು ಪ್ರಶ್ನೆ ಸಿಕ್ಕಿತು ಅಂತ ಲೆಕ್ಕ.

ಆನ್‌ಲೈನ್ ಅರ್ಜಿಗೆ 10 ಸಾವಿರ ಸಹಿ ಆದರೆ ಸರ್ಕಾರ ಉತ್ತರ ಕೊಡುತ್ತದೆ, 1 ಲಕ್ಷ ಆದರೆ ಚರ್ಚೆಗೆ ಪರಿಗಣಿಸುತ್ತಾರೆ. 10 ವರ್ಷದ ಪ್ರಸ್ತಾಪದ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ ಚರ್ಚೆ ಆದದ್ದು ಹೀಗೇ. ಇಲ್ಲಿ ವಾಸ ಇರುವ ನೀವು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಸಹಿ ಮಾಡಬಹುದು. ಗಂಗಾವತಿಯ ಫ್ಯಾಮಿಲಿ ಗ್ರೂಪಿಗೆ ಕಳಿಸಬೇಡಿ, ಅವರು ಮಾಡೋ ಹಾಗಿಲ್ಲ.

ಕೊನೆಗೆ ಬಹಳ ಮಂದಿಗೆ ಗೊತ್ತಿಲ್ಲದ್ದು: ಕಾಮನ್‌ವೆಲ್ತ್ ದೇಶದವರಾದ್ದರಿಂದ, ವೀಸಾ ಮೇಲಿದ್ದರೂ ನಿಮಗೆ ಇಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಇದೆ. ಪೌರತ್ವ ಬೇಕಿಲ್ಲ. ಹೆಸರು ನೋಂದಣಿ ಆನ್‌ಲೈನ್‌ನಲ್ಲೇ ಆಗುತ್ತದೆ, ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಮನೆ ಬದಲಾಯಿಸಿದರೆ ಮತ್ತೆ ನೋಂದಣಿ ಮಾಡಿಸಬೇಕು. ಬಾಡಿಗೆ ಮನೆ ಬದಲಾಯಿಸುತ್ತಲೇ ಇರುವ ನಮ್ಮವರು ಎಡವೋದು ಇಲ್ಲೇ.