ಕುದುರೆಮುಖಕ್ಕೆ ಹೊರಡುವ ಗೆಳೆಯರಿಗೆ

ಕಂಡಲ್ಲಿ ಡೇರೆ ಹೊಡೆಯುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ಇದು ರಾಷ್ಟ್ರೀಯ ಉದ್ಯಾನ. ಅನುಮತಿ ಇರುವಲ್ಲಿ ಮಾತ್ರ ತಂಗಬೇಕು. ನಾವು ಆರು ಮಂದಿ ಭದ್ರಾ ನದಿಯ ದಡದ ಭಗವತಿ ಪ್ರಕೃತಿ ಶಿಬಿರವನ್ನು ಮುಂಗಡವಾಗಿ ಕಾದಿರಿಸಿದ್ದೆವು. ಗೆಳೆಯನೊಬ್ಬ ಸ್ಪೀಕರ್ ತಂದಿದ್ದ. ಅದನ್ನು ಅಕ್ಕಿಚೀಲದಡಿ ಬಚ್ಚಿಟ್ಟವನು ನಾನೇ. ಇಂದಿಗೂ ಅವನಿಗೆ ಗೊತ್ತಿಲ್ಲ.

ಕದಂಬಿ ಜಲಪಾತ ರಸ್ತೆಯ ಪಕ್ಕದಲ್ಲೇ ಇದೆ, ನೋಡಿ ಮುಂದೆ ಸಾಗಿ. ಹನುಮನಗುಂಡಿ ಜಲಪಾತಕ್ಕೆ ಮಾತ್ರ ಅರ್ಧ ದಿನ ಮೀಸಲಿಡಿ. ಮೆಟ್ಟಿಲಿಳಿಯುವಾಗ ಎಲ್ಲರೂ ಶೂರರು, ಹತ್ತುವಾಗ ಮೊಣಕಾಲು ಲೆಕ್ಕ ಕೇಳುತ್ತದೆ. ಹವಾಯಿ ಚಪ್ಪಲಿ ಬೇಡವೇ ಬೇಡ. ಪಾಚಿಗಟ್ಟಿದ ಬಂಡೆಯ ಮೇಲೆ ನಾನು ಕೂತಲ್ಲೇ ಜಾರಿ, ಎರಡು ದಿನ ಕವುಚಿ ಮಲಗಿದ್ದೆ.

ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾಗಿ, ಕಸಕಡ್ಡಿ ತೇಲಿಬರತೊಡಗಿದರೆ ಮೇಲೆಲ್ಲೋ ಮಳೆ ಸುರಿದಿದೆ ಎಂದರ್ಥ. ಆ ಕ್ಷಣವೇ ದಡ ಸೇರಿ, ಫೋಟೊ ಆಮೇಲೆ.

ಮಳೆಗಾಲದಲ್ಲಿ ಉಂಬಳದ (ಕಾಡಿನ ಜಿಗಣೆಯ) ಕಾಟ ತಪ್ಪದು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿ, ಮೇಲೆ ಹೊಗೆಸೊಪ್ಪಿನ ಪುಡಿ ಉಜ್ಜಿ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ, ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಿಸಿ. ರಕ್ತ ಒಂದಿಷ್ಟು ಹೊತ್ತು ಸೋರುತ್ತದೆ, ಗಾಬರಿ ಬೇಡ. ಬಿಳಿ ಕಾಲುಚೀಲವಾದರೆ ಉಂಬಳ ಹತ್ತುವುದು ಬೇಗ ಕಾಣಿಸುತ್ತದೆ.