ಜ್ವರದ ಎಷ್ಟನೇ ದಿನದ ರಕ್ತ?

ಆಟಿ ತಿಂಗಳಲ್ಲಿ ಕಾಸರಗೋಡಿನ ಲ್ಯಾಬಿಗೆ ಜ್ವರದ ಮಗುವಿನ ರಕ್ತ ಬಂದರೆ ಚೀಟಿಯಲ್ಲಿ ಇರುವುದು ಡೆಂಗಿ, ಇಲ್ಲವೇ ಇಲಿಜ್ವರ. ಕವಾಸಕಿ (ಚಿಕ್ಕ ಮಕ್ಕಳ ರಕ್ತನಾಳಗಳಲ್ಲಿ, ಹೃದಯದ ರಕ್ತನಾಳದಲ್ಲೂ, ಉರಿಯೂತ ತರುವ ಜ್ವರ) ಎಂದು ಬರೆದದ್ದು ಅಪರೂಪ. ಇದರಲ್ಲಿ ರಕ್ತದ ಚಿತ್ರ ಮೊದಲ ವಾರ ಒಂದು, ಎರಡನೇ ವಾರ ಇನ್ನೊಂದು. ಹಾಗಾಗಿ ಐದು ವರ್ಷದೊಳಗಿನ ಮಗುವಾದರೆ ನಾವು ಮೊದಲು ಜ್ವರದ ದಿನ ಕೇಳಿ ಟ್ಯೂಬಿನ ಮೇಲೆಯೇ ಬರೆಯುತ್ತೇವೆ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ಸಿಗುವ ‘ಮೂರ್ನಾಲ್ಕು ದಿನ ಆಯಿತು’ ಸಾಲದು, ವಾರದ ಹೆಸರೇ ಬೇಕು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬಿಗೆ 2 ಮಿ.ಲೀ. ರಕ್ತ. ಅರ್ಧ ಗಂಟೆಯೊಳಗೆ ಸ್ಮಿಯರ್ (ಗಾಜಿನ ಮೇಲೆ ರಕ್ತದ ತೆಳು ಪದರ) ಎಳೆಯಬೇಕು. ಕವಾಸಕಿಯಲ್ಲಿ ನ್ಯೂಟ್ರೊಫಿಲ್‌ಗಳೆಂಬ ಬಿಳಿಕಣಗಳೊಳಗೆ ಗುಳ್ಳೆಗಳು ಕಾಣುವುದುಂಟು. ಆದರೆ ಟ್ಯೂಬಿನಲ್ಲಿ ರಕ್ತ ಹಳಸಿದರೂ ಅಂಥದೇ ಗುಳ್ಳೆ ಏಳುತ್ತದೆ, ಆಮೇಲೆ ಬೇರ್ಪಡಿಸಲಾಗದು. ಲೀಶ್‌ಮನ್ ಬಣ್ಣ 2 ನಿಮಿಷ, ಅದರ ಮೇಲೆ ಎರಡು ಪಾಲು ಪಿಎಚ್ 6.8ರ ಬಫರ್, ಮತ್ತೆ 10 ನಿಮಿಷ. ಮಳೆಗಾಲದಲ್ಲಿ ಇಲ್ಲೇ ಎಡವುವುದು: ಮುಚ್ಚಳ ಸಡಿಲವಿದ್ದರೆ ಬಣ್ಣದೊಳಗಿನ ಮೆಥನಾಲ್ ಗಾಳಿಯ ತೇವ ಹೀರಿ ಕೆಂಪುಕಣಗಳಲ್ಲಿ ಹೊಳೆಯುವ ಚುಕ್ಕೆ ಮೂಡಿಸುತ್ತದೆ.

ಮೊದಲ ವಾರದಲ್ಲಿ ಬಿಳಿಕಣ ಮೈಕ್ರೋಲೀಟರಿಗೆ 15,000 ದಾಟಿ ನ್ಯೂಟ್ರೊಫಿಲ್ ಮೇಲುಗೈಯಾದರೆ ಅದು ಡೆಂಗಿಯ ಚಹರೆಯಲ್ಲ. ಕವಾಸಕಿಯಲ್ಲಿ ಪ್ಲೇಟ್‌ಲೆಟ್ ಆಗ ಸಾಮಾನ್ಯವಾಗಿಯೇ ಇದ್ದು, ಎರಡನೇ ವಾರದಲ್ಲಿ ಏರಲು ತೊಡಗುತ್ತದೆ. ಕಡಿಮೆ ಬಂದರೆ ಸ್ಮಿಯರ್‌ನ ಬಾಲದಲ್ಲಿ (ತೆಳುವಾದ ತುದಿಯಲ್ಲಿ) ಪ್ಲೇಟ್‌ಲೆಟ್‌ಗಳ ಗೊಂಚಲು ಹುಡುಕಿ. ಶೇಕಡಾವಾರು ನಂಬಬೇಡಿ. 18,000 ಬಿಳಿಕಣದಲ್ಲಿ ಲಿಂಫೊಸೈಟ್ (ಇನ್ನೊಂದು ಬಗೆಯ ಬಿಳಿಕಣ) 15 ಶೇಕಡಾ ಎಂದರೆ 2,700. ದೊಡ್ಡವರ ಮಿತಿ ಹಾಕಿಟ್ಟ ಯಂತ್ರ ಸುಮ್ಮನಿರುತ್ತದೆ, ಎರಡು ವರ್ಷದ ಮಗುವಿಗೆ ಅದು ಕಡಿಮೆಯೇ.

ಕೋಶಗಳನ್ನು ಬಗೆಬಗೆಯಾಗಿ ಎಣಿಸುವ ಫ್ಲೋ ಸೈಟೊಮೆಟ್ರಿಗೆ ಇನ್ನೊಂದು ಟ್ಯೂಬನ್ನು ತಲಪಾಡಿ ದಾಟಿಸಿ ಮಂಗಳೂರಿಗೆ ಕಳಿಸುವುದಿದ್ದರೆ ಐವಿಐಜಿ (ನರದ ಮೂಲಕ ಕೊಡುವ ಇಮ್ಯುನೊಗ್ಲಾಬ್ಯುಲಿನ್), ಸ್ಟೀರಾಯ್ಡ್‌ಗಳಿಗೆ ಮುಂಚೆಯೇ ತೆಗೆಯಬೇಕು. ಐಸ್‌ಪ್ಯಾಕ್ ಬೇಡ, 18–25 ಡಿಗ್ರಿ ಸಾಕು. 24 ಗಂಟೆಯೊಳಗೆ ಯಂತ್ರಕ್ಕೆ ಏರಬೇಕು. ಶನಿವಾರ ಸಂಜೆ ಕಳಿಸಿದ್ದು ವ್ಯರ್ಥ. ಅದೇ ದಿನದ ಒಟ್ಟು ಎಣಿಕೆಯೂ ಜೊತೆಗಿರಲಿ. ಉರಿಯೂತದ ಹಂತದಲ್ಲಿ ಸಿಡಿ8 ಟಿ ಕೋಶಗಳು (ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಲಿಂಫೊಸೈಟ್‌ಗಳು) ರಕ್ತದಲ್ಲಿ ಇಳಿದಿರುತ್ತವೆ; ಮೃತ ಮಕ್ಕಳ ಹೃದಯದ ರಕ್ತನಾಳದ ಗೋಡೆಯಲ್ಲಿ ಇವೇ ಕೋಶಗಳು ನುಗ್ಗಿರುವುದು ಕಂಡಿದೆ. ಉರಿಯೂತವನ್ನು ಹತೋಟಿಯಲ್ಲಿಡುವ ಟ್ರೆಗ್ ಕೋಶಗಳೂ ಇಳಿದಿರುತ್ತವೆ, ಮೈಮೇಲೆ ಸಿಡಿ14 ಜೊತೆ ಸಿಡಿ16 ಗುರುತು ಹೊತ್ತ ಮೊನೊಸೈಟ್‌ಗಳೆಂಬ ಬಿಳಿಕಣಗಳು ಏರಿರುತ್ತವೆ. ಇವುಗಳಿಂದ ರೋಗನಿರ್ಣಯ ಆಗುವುದಿಲ್ಲ. ಅದು ಮಗುವಿನ ಮೈಮೇಲಿನ ಲಕ್ಷಣ ಮತ್ತು ಎಕೋ (ಹೃದಯದ ಸ್ಕ್ಯಾನ್) ನೋಡುವ ವೈದ್ಯರ ಕೆಲಸ. ಮೈತೂಕದ ಕಿಲೋಗೆ 2 ಗ್ರಾಂ ಐವಿಐಜಿ ಜ್ವರದ ಹತ್ತು ದಿನದೊಳಗೆ ಹೋಗಬೇಕು, ನಮ್ಮ ವರದಿಗೆ ಕಾಯುವಂತಿಲ್ಲ.

ಐವಿಐಜಿ ಬಳಿಕ ನ್ಯೂಟ್ರೊಫಿಲ್ ಬೇಗ ಕುಸಿಯುತ್ತದೆ. ಇಎಸ್‌ಆರ್ (ಕೆಂಪುಕಣ ತಳಕ್ಕಿಳಿಯುವ ವೇಗ) ಏರುತ್ತದೆ, ಅದಕ್ಕೆ ಕಾರಣ ಕೊಟ್ಟ ಇಮ್ಯುನೊಗ್ಲಾಬ್ಯುಲಿನ್ನೇ, ಆದ್ದರಿಂದ ಉರಿಯೂತ ಅಳೆಯಲು ಸಿಆರ್‌ಪಿ ಎಂಬ ಪ್ರೋಟೀನ್ ನೋಡಬೇಕು. ಎ, ಬಿ, ಎಬಿ ಗುಂಪಿನ ಮಕ್ಕಳಲ್ಲಿ ಹಿಮೊಗ್ಲೋಬಿನ್ ಇಳಿದರೆ ಕೆಂಪುಕಣ ಒಡೆಯುತ್ತಿರಬಹುದು, ಕೆಂಪುಕಣಕ್ಕೆ ಪ್ರತಿಕಾಯ ಅಂಟಿದೆಯೇ ಎಂದು ತೋರಿಸುವ ಕೂಂಬ್ಸ್ ಪರೀಕ್ಷೆ ಮಾಡಬೇಕು. ಹೀಗಾಗಿ ಎರಡನೇ ಸಲದ ಟ್ಯೂಬಿನ ಮೇಲೆ ಜ್ವರದ ದಿನದ ಜೊತೆ ಐವಿಐಜಿ ಮುಗಿದ ಗಂಟೆಯನ್ನೂ ಬರೆಯುತ್ತೇವೆ.